ಎಣಿಕೆ ಯಾವ ದಿನದಿಂದ?

— ಒಂದು ಲೆಕ್ಕ ಕೊಡುತ್ತೇನೆ, ತೀರ್ಪು ನೀವೇ ಹೇಳಿ. 1975ರ ಆಗಸ್ಟ್ 22. ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ಒಬ್ಬ ಬಡಗಿ ಸಿಮೆಂಟ್ ಗೋಡೆಗೆ ಮೊಳೆ ಹೊಡೆಯುತ್ತಿದ್ದಾನೆ. ಮೊಳೆಯ ತಲೆ ಸಿಡಿದು ಬಲಗಣ್ಣಿಗೆ ಬಡಿಯುತ್ತದೆ. ಮೊಳೆ ತಯಾರಿಸಿದ ಕಂಪನಿಯ ಮೇಲೆ ಅವನು ಪರಿಹಾರದ ದಾವೆ ಹೂಡಿದ್ದು 1977ರ ಆಗಸ್ಟ್ 19ರಂದು. ಆ ರಾಜ್ಯದ ಕಾಲಮಿತಿ ಎರಡು ವರ್ಷ.

— ಇದರಲ್ಲಿ ತೀರ್ಪು ಹೇಳುವುದೇನಿದೆ? ಮೂರು ದಿನ ಉಳಿದಿರುವಾಗಲೇ ಕೋರ್ಟಿಗೆ ಬಂದಿದ್ದಾನೆ. ದಾವೆ ನಡೆಯಬೇಕು.

— ನಡೆಯಲಿಲ್ಲ. ಒಕ್ಲಹೋಮದ ಕಾನೂನಿನಲ್ಲಿ ಕಾಗದ ಸಲ್ಲಿಸಿದ ಮಾತ್ರಕ್ಕೆ ಕಾಲದ ಎಣಿಕೆ ನಿಲ್ಲುತ್ತಿರಲಿಲ್ಲ. ಪ್ರತಿವಾದಿಗೆ ಸಮನ್ಸ್ ಜಾರಿಯಾಗಬೇಕಿತ್ತು. ಸಲ್ಲಿಸಿದ ಅರವತ್ತು ದಿನದೊಳಗೆ ಜಾರಿಯಾದರೆ ಸಲ್ಲಿಸಿದ ದಿನವನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಈ ಸಮನ್ಸ್ ಕಂಪನಿಗೆ ಮುಟ್ಟಿದ್ದು ಡಿಸೆಂಬರ್ 1ಕ್ಕೆ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು, ಅವಧಿ ಮೀರಿದೆ ಎಂದು.

— ನಮ್ಮಲ್ಲಿ ವಾದಪತ್ರ ಕೋರ್ಟಿನ ಕಚೇರಿಗೆ ಬಂದ ದಿನವೇ ದಾವೆ ಹುಟ್ಟಿದ ದಿನ. ಸಮನ್ಸ್ ಜಾರಿ ಆಮೇಲಿನ ಮಾತು. ಎಷ್ಟೋ ದಾವೆಗಳಲ್ಲಿ ಅದಕ್ಕೇ ವರ್ಷ ಕಳೆಯುತ್ತದೆ. ಆ ಬಡಗಿ ಇಲ್ಲಿದ್ದಿದ್ದರೆ ಕಾಲಮಿತಿಯ ಮಾತೇ ಏಳುತ್ತಿರಲಿಲ್ಲ. ಆದರೆ ಒಂದು ವಿಷಯ ಅರ್ಥವಾಗಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋಗಿದೆ ಅಂದರೆ ಅದು ಕೇಂದ್ರದ ಕೋರ್ಟಿನಲ್ಲಿ ನಡೆದ ದಾವೆ ತಾನೆ? ರಾಜ್ಯದ ಕಾನೂನು ಅಲ್ಲಿ ಹೇಗೆ ಬಂತು?

— ಬಡಗಿ ಒಂದು ರಾಜ್ಯದವನು, ಕಂಪನಿ ಇನ್ನೊಂದು ರಾಜ್ಯದ್ದು. ಹಾಗಾದಾಗ ಫೆಡರಲ್ ಕೋರ್ಟಿಗೆ ಹೋಗಬಹುದು. ಆದರೆ ಕಟ್ಟಡ ಕೇಂದ್ರದ್ದಾದರೂ ದಾವೆಯ ಹಕ್ಕು ರಾಜ್ಯದ ಕಾನೂನಿನಿಂದ ಬಂದಿದ್ದರೆ ಕಾಲಮಿತಿಯೂ ರಾಜ್ಯದ್ದೇ. 1945ರಿಂದ ಇದು ಅಲ್ಲಿ ಸ್ಥಿರವಾದ ನಿಯಮ. ನಿಮಗೆ 1963ರ ಒಂದೇ ಕಾಯ್ದೆ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಅನುಸೂಚಿ. ಹಣದ ದಾವೆಗೆ ಮೂರು ವರ್ಷ, ಜಮೀನಿನ ಸ್ವಾಧೀನಕ್ಕೆ ಹನ್ನೆರಡು ವರ್ಷ ಎಂದು ಬಾಯಿಪಾಠ ಮಾಡಿಕೊಂಡರೆ ಅರ್ಧ ವಕೀಲಿಕೆ ಮುಗಿಯಿತು. ನನಗೆ ಐವತ್ತು ರಾಜ್ಯಗಳು, ಐವತ್ತು ಕೋಷ್ಟಕಗಳು.

— ಎಷ್ಟೇ ಕೋಷ್ಟಕ ಇದ್ದರೂ ಒಂದು ಎರಡು ವರ್ಷದ ಏರುಪೇರು ಇರಬಹುದು, ಅಷ್ಟೆ.

— ಅಷ್ಟೇ ಅಲ್ಲ. ಮೈಗೆ ಪೆಟ್ಟಾದ ದಾವೆ ಒಂದನ್ನೇ ತೆಗೆದುಕೊಳ್ಳಿ. ಕೆಂಟಕಿ, ಟೆನ್ನೆಸಿಗಳಲ್ಲಿ ಒಂದು ವರ್ಷ. ಕ್ಯಾಲಿಫೋರ್ನಿಯದಲ್ಲಿ ಎರಡು. ನ್ಯೂಯಾರ್ಕಿನಲ್ಲಿ ಮೂರು. ಮೇನ್ ಮತ್ತು ನಾರ್ತ್ ಡಕೋಟದಲ್ಲಿ ಆರು. ಕಾಲು ಮುರಿಯುವ ರೀತಿ ಎಲ್ಲ ಕಡೆಯೂ ಒಂದೇ, ವಾಸಿಯಾಗುವ ರೀತಿಯೂ ಒಂದೇ. ಫ್ಲಾರಿಡ 2023ರಲ್ಲಿ ನಿರ್ಲಕ್ಷ್ಯದ ದಾವೆಗಳಿಗೆ ನಾಲ್ಕು ವರ್ಷ ಇದ್ದುದನ್ನು ಎರಡಕ್ಕೆ ಇಳಿಸಿತು. ಮರುವರ್ಷವೇ ಲೂಸಿಯಾನ ಒಂದು ವರ್ಷ ಇದ್ದುದನ್ನು ಎರಡಕ್ಕೆ ಏರಿಸಿತು. ಎರಡು ಶಾಸನಸಭೆಗಳು ಎದುರುಬದುರು ದಿಕ್ಕಿನಿಂದ ನಡೆದು ಒಂದೇ ಅಂಕಿಗೆ ಬಂದು ನಿಂತವು. ಒಬ್ಬರಿಗೆ ವಿಮಾ ಕಂಪನಿಗಳ ಹೊರೆ ಕಂಡಿತು, ಇನ್ನೊಬ್ಬರಿಗೆ ಗಾಯಾಳುವಿನ ಪರದಾಟ ಕಂಡಿತು.

— ಸಾಲದ ವಿಷಯ ಹೇಗೆ? ನಮ್ಮವರು ಅಲ್ಲಿ ಸ್ನೇಹಿತರ ನಡುವೆ ಕೈಸಾಲ ಕೊಡುವುದು ತೆಗೆದುಕೊಳ್ಳುವುದು ಇದ್ದೇ ಇರುತ್ತದೆ.

— ಇದೆ, ಮತ್ತು ಅಲ್ಲೂ ಊರಿನ ಹಾಗೆಯೇ ಬಾಯಿಮಾತಿನಲ್ಲೇ ಮುಗಿಸುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಬರೆದುಕೊಂಡ ಕರಾರಿಗೆ ನಾಲ್ಕು ವರ್ಷ, ಬಾಯಿಮಾತಿನ ಕರಾರಿಗೆ ಎರಡೇ ವರ್ಷ. ನ್ಯೂಜೆರ್ಸಿಯಲ್ಲಿ ಎರಡಕ್ಕೂ ಆರು. ಎಡಿಸನ್ನಿನಲ್ಲಿರುವ ಗೆಳೆಯ ಕಾಯಬಹುದಾದಷ್ಟು ಕಾಲ ಫ್ರೀಮಾಂಟಿನಲ್ಲಿರುವ ಗೆಳೆಯ ಕಾಯಲಾರ. ಆದರೆ ನನಗೆ ಹೆಚ್ಚು ಕಳವಳ ತರುವುದು ಬೇರೆ. ನಮ್ಮ ಅಪ್ಪ ಅಮ್ಮಂದಿರು ಆರು ತಿಂಗಳ ವೀಸಾದ ಮೇಲೆ ಮಕ್ಕಳ ಮನೆಗೆ ಬರುತ್ತಾರಲ್ಲ. ನ್ಯೂಯಾರ್ಕ್ ನಗರದ ಒಂದು ಸರ್ಕಾರಿ ಉದ್ಯಾನದಲ್ಲಿ ಮುರಿದ ಮೆಟ್ಟಿಲ ಮೇಲೆ ಬಿದ್ದು ಮೈಸೂರಿನ ಒಬ್ಬ ತಾಯಿ ಸೊಂಟ ಮುರಿದುಕೊಂಡರು ಅಂದುಕೊಳ್ಳಿ. ಮೂರು ವರ್ಷ ಇದೆ ಎಂದು ಇಂಟರ್ನೆಟ್ಟಿನಲ್ಲಿ ಓದಿದ ಮಗ, ಮೊದಲು ಅಮ್ಮ ಚೇತರಿಸಿಕೊಳ್ಳಲಿ ಎನ್ನುತ್ತಾನೆ. ಆದರೆ ಪ್ರತಿವಾದಿ ನಗರಾಡಳಿತ. ತೊಂಬತ್ತು ದಿನದೊಳಗೆ ಲಿಖಿತ ನೋಟಿಸು ಕೊಡಬೇಕು, ಒಂದು ವರ್ಷ ತೊಂಬತ್ತು ದಿನದೊಳಗೆ ದಾವೆ ಹೂಡಬೇಕು. ಅಮ್ಮ ಫಿಸಿಯೋಥೆರಪಿ ಮುಗಿಸಿ ವಿಮಾನ ಹತ್ತುವ ಹೊತ್ತಿಗೆ ಮೊದಲ ಬಾಗಿಲು ಮುಚ್ಚಿರುತ್ತದೆ. ನೋಟಿಸು ತಡವಾದರೆ ಕೋರ್ಟಿನ ಅನುಮತಿ ಕೇಳಬಹುದು, ಕೊಡುವುದು ಬಿಡುವುದು ಅವರ ವಿವೇಚನೆ. ಕ್ಯಾಲಿಫೋರ್ನಿಯದಲ್ಲಿ ಸರ್ಕಾರದ ಮೇಲಿನ ಇಂಥ ಅಹವಾಲಿಗೆ ಆರು ತಿಂಗಳು.

— ಇಲ್ಲಿ ಸರ್ಕಾರ ತನಗೆ ಅನುಕೂಲ ಮಾಡಿಕೊಂಡಿರುವುದು ಬೇರೆ ರೀತಿ. ಪ್ರಜೆಗೆ ಮೂರು ವರ್ಷ, ಹನ್ನೆರಡು ವರ್ಷ. ಸರ್ಕಾರವೇ ವಾದಿಯಾದರೆ ಮೂವತ್ತು ವರ್ಷ. ರಾಜನಿಗೆ ಕಾಲ ಕಟ್ಟುವುದಿಲ್ಲ ಎನ್ನುವ ಹಳೆಯ ಇಂಗ್ಲಿಷ್ ನಂಬಿಕೆಯ ಬಾಲ ಅದು.

— ಆ ಬಾಲ ಅಲ್ಲೂ ಇದೆ. ಎರಡು ದೇಶಗಳ ಕಾನೂನಿಗೂ ತವರು ಒಂದೇ. 1623ರ ಇಂಗ್ಲೆಂಡಿನ ಕಾಯ್ದೆಯ ಆರು ವರ್ಷದ ಅವಧಿ ಅಮೆರಿಕದ ಎಷ್ಟೋ ರಾಜ್ಯಗಳಿಗೆ ಮೂಲ ಅಚ್ಚು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ನಿಮಗೆ ವಿಚಿತ್ರ ಅನಿಸಬಹುದು. ನಿಮ್ಮ 1963ರ ಕಾಯ್ದೆಯ 3ನೆಯ ಕಲಮಿನ ಪ್ರಕಾರ ಪ್ರತಿವಾದಿ ಬಾಯಿ ಬಿಡದಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಧೀಶರು ತಾವಾಗಿ ವಜಾ ಮಾಡಲೇಬೇಕು. ಅಲ್ಲಿ ಅದು ಪ್ರತಿವಾದಿಯ ಗುರಾಣಿ. ಅವನು ಎತ್ತಬೇಕು. ಮೊದಲ ಉತ್ತರದಲ್ಲಿ ಎತ್ತದಿದ್ದರೆ ಸಾಮಾನ್ಯವಾಗಿ ಕೈಬಿಟ್ಟ ಹಾಗೆಯೇ.

— ಅದು ನನಗೆ ಸರಿ ಕಾಣುವುದಿಲ್ಲ. ಕಾಲಮಿತಿ ಪ್ರತಿವಾದಿಗೆ ತೋರುವ ಉಪಕಾರವಲ್ಲ. ಕೋರ್ಟುಗಳು ತೀರಾ ಹಳೆಯ ಜಗಳಕ್ಕೆ ಕುಳಿತುಕೊಳ್ಳಬಾರದು ಎಂಬುದು ಸಾರ್ವಜನಿಕ ಹಿತ. ನೀನು ಕಾಗದದ ಮೇಲಿನ ವರ್ಷಗಳನ್ನು ಹೇಳುತ್ತಿದ್ದೀಯ. ನಾನು ಸಾಕ್ಷಿಕಟ್ಟೆ ಕಂಡವನು. ಇಪ್ಪತ್ತು ವರ್ಷದ ಹಿಂದಿನ ಪಾಲುಪಟ್ಟಿಯ ಬಗ್ಗೆ ಒಬ್ಬ ಮುದುಕನನ್ನು ನಿಲ್ಲಿಸಿ ಕೇಳುತ್ತಾರೆ, ಅಂದು ಪಂಚಾಯ್ತಿಯಲ್ಲಿ ಯಾರ‍್ಯಾರು ಇದ್ದರು ಅಂತ. ಅವನು ಸುಳ್ಳು ಹೇಳುವುದಿಲ್ಲ. ಆದರೆ ನೆನಪಾದದ್ದನ್ನು ಹೇಳುತ್ತಿದ್ದಾನೋ, ಮಕ್ಕಳು ಮನೆಯಲ್ಲಿ ಮಾತಾಡಿಕೊಂಡದ್ದನ್ನು ಹೇಳುತ್ತಿದ್ದಾನೋ, ಅವನಿಗೇ ತಿಳಿಯದು. ದಸ್ತಾವೇಜು ಬರೆದವನು ಸತ್ತಿರುತ್ತಾನೆ. ಹೆಬ್ಬೆಟ್ಟು ಮಾಸಿರುತ್ತದೆ. ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು ಎಂದು ಒಂದು ಪ್ರೋನೋಟು ಹಿಡಿದು ಬರುತ್ತಾರೆ. ಸಾಲ ತೀರಿಸಿದ ರಸೀತಿ ಎದುರುಮನೆಯ ಟ್ರಂಕಿನಲ್ಲಿ ಇಲಿ ತಿಂದು ಹೋಗಿರುತ್ತದೆ. ತೀರಿಸಿದವನು ತನ್ನ ರಸೀತಿಯನ್ನು ಎಷ್ಟು ತಲೆಮಾರು ಕಾಪಾಡಿಕೊಳ್ಳಬೇಕು ಹೇಳು. ಮೂರು ವರ್ಷ ಎನ್ನುವ ಗೆರೆ ಇಲ್ಲದಿದ್ದರೆ ಬಡವನಿಗೆ ನೆಮ್ಮದಿಯ ಒಂದು ರಾತ್ರಿ ಇಲ್ಲ. ಸಾಲ ಕೊಟ್ಟವನು ಯಾವಾಗಲೂ ಕಾಗದ ಇಟ್ಟುಕೊಂಡವನೇ.

— ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬರೀ ಕಂಪನಿಗಳನ್ನು ನೋಡಿದವರಿಗೆ ಕಾಲಮಿತಿ ದೊಡ್ಡವರ ಕೋಟೆಯ ಹಾಗೆ ಕಾಣುತ್ತದೆ. ನೀವು ಹೇಳುವ ಸಾಲಗಾರನಿಗೆ ಅದೇ ಆಸರೆ. ಆದರೆ ನಿಮ್ಮ ಪಾಲುಪಟ್ಟಿಯಲ್ಲೂ ಪ್ರೋನೋಟಿನಲ್ಲೂ ಒಂದು ಸಮಾನ ಅಂಶವಿದೆ. ಆ ದಿನ ಏನಾಯಿತು ಎಂಬುದು ಅಂದೇ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ ಗೆರೆ ಎಳೆಯುವುದು ನ್ಯಾಯ. ಎಷ್ಟು ವರ್ಷ ಎಂಬ ಪ್ರಶ್ನೆಗಿಂತ ಎಣಿಕೆ ಯಾವ ದಿನದಿಂದ ಎಂಬ ಪ್ರಶ್ನೆ ದೊಡ್ಡದು ಎಂದು ನಾನು ಹೇಳುವುದು ಅದಕ್ಕೇ. ಒಂದು ವರ್ಷವೂ ಸಾಕಾಗಬಹುದು, ಸರಿಯಾದ ದಿನದಿಂದ ಎಣಿಸಿದರೆ. ತಪ್ಪು ದಿನದಿಂದ ಎಣಿಸಿದರೆ ಹತ್ತು ವರ್ಷವೂ ಸಾಲದು.

— ಹಾನಿಯಾದ ದಿನದಿಂದ ಎಣಿಸುವುದರಲ್ಲಿ ತಪ್ಪೇನಿದೆ?

— ಹಾನಿ ಕಣ್ಣಿಗೆ ಕಂಡರೆ ತಪ್ಪಿಲ್ಲ. 1958ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಯಿತು. ಹೊಟ್ಟೆಯೊಳಗೆ ಶಸ್ತ್ರಚಿಕಿತ್ಸೆಯ ಚಿಮಟಗಳು ಉಳಿದುಹೋದವು. 1966ರಲ್ಲಿ ತಡೆಯಲಾರದ ನೋವು ಬಂದು ಎಕ್ಸ್‌ರೇ ತೆಗೆದಾಗ ಅವು ಕಂಡವು. ಆಗಿನ ಕಾನೂನಿನ ಪ್ರಕಾರ ಶಸ್ತ್ರಚಿಕಿತ್ಸೆಯ ದಿನದಿಂದಲೇ ಎಣಿಕೆ, ಆಕೆಯ ಅವಧಿ ಯಾವಾಗಲೋ ಮುಗಿದಿತ್ತು.

— ಚಿಮಟ ಸಾಕ್ಷಿ ಹೇಳಲು ಮರೆಯುವುದಿಲ್ಲ. ಅಲ್ಲಿ ನನ್ನ ವಾದ ನಿಲ್ಲುವುದಿಲ್ಲ, ನಿಜ.

— 1969ರಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಾಲಯ ಹೇಳಿದ್ದೂ ಅದನ್ನೇ. ದೇಹದೊಳಗೆ ಹೊರಗಿನ ವಸ್ತು ಬಿಟ್ಟಿದ್ದರೆ, ರೋಗಿಗೆ ಅದು ತಿಳಿಯಬಹುದಾಗಿದ್ದ ದಿನದಿಂದ ಎಣಿಕೆ. ಆದರೆ ಆ ಕೋರ್ಟು ಬಾಗಿಲನ್ನು ಚಿಮಟ ತೂರುವಷ್ಟೇ ತೆರೆಯಿತು. ರೋಗವನ್ನು ಗುರುತಿಸದೆ ಬಿಟ್ಟ ವೈದ್ಯನ ವಿಷಯಕ್ಕೆ ಅದು ಅನ್ವಯವಾಗಲಿಲ್ಲ. 2010ರಲ್ಲಿ ಬ್ರೂಕ್ಲಿನ್ನಿನ ಒಬ್ಬ ಮಹಿಳೆ ಎದೆನೋವೆಂದು ಸಾರ್ವಜನಿಕ ಆಸ್ಪತ್ರೆಗೆ ಹೋದರು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಅನುಮಾನಾಸ್ಪದ ಗಂಟು ಕಂಡಿತ್ತು, ಆಕೆಗೆ ಹೇಳಲಿಲ್ಲ. 2012ರಲ್ಲಿ ಮತ್ತೆ ಹೋದಾಗ ಕ್ಯಾನ್ಸರ್ ಹರಡಿತ್ತು. ಸಾರ್ವಜನಿಕ ಆಸ್ಪತ್ರೆಯ ಮೇಲಿನ ದಾವೆಗೆ ಹದಿನೈದು ತಿಂಗಳ ಮಿತಿ. ತನಗೆ ದಾವೆಯ ಹಕ್ಕಿದೆ ಎಂದು ತಿಳಿಯುವ ಮೊದಲೇ ಅದು ಮುಗಿದಿತ್ತು. 2013ರಲ್ಲಿ ತೀರಿಕೊಂಡರು. ವಿಶೇಷ ಆರೈಕೆ ಬೇಕಾದ ಮಗಳನ್ನು ಬಿಟ್ಟು ಹೋದರು.

— ಅದಾದ ಮೇಲಾದರೂ ಕಾನೂನು ತಿದ್ದಿದರೇ?

— 2018ರ ಜನವರಿ 31ರಂದು ಗವರ್ನರ್ ಸಹಿ ಹಾಕಿದರು. ಆಕೆಯ ಹೆಸರಿನಿಂದಲೇ ಅದನ್ನು ಲ್ಯಾವರ್ನ್ಸ್ ಲಾ ಎನ್ನುತ್ತಾರೆ. ಕ್ಯಾನ್ಸರನ್ನು ಗುರುತಿಸದೆ ಬಿಟ್ಟ ಪ್ರಕರಣಗಳಲ್ಲಿ ತಿಳಿದ ದಿನದಿಂದ ಎಣಿಕೆ, ಗರಿಷ್ಠ ಏಳು ವರ್ಷದ ಗಡಿ. ಕ್ಯಾನ್ಸರಿಗೆ ಮಾತ್ರ. ಹೃದ್ರೋಗವನ್ನು ಗುರುತಿಸದೆ ಬಿಟ್ಟರೆ ಹಳೆಯ ಲೆಕ್ಕವೇ. ರೋಗದ ಹೆಸರು ನೋಡಿ ಗಡಿಯಾರ ತಿರುಗಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಅದು ಬಂದದ್ದಕ್ಕೆ ಸಂತೋಷಪಡುತ್ತೇನೆ.

— ತಿಳಿದ ದಿನ ಎನ್ನುತ್ತೀಯಲ್ಲ, ಅದನ್ನು ತೀರ್ಮಾನಿಸುವುದು ಹೇಗೆ? ಮನುಷ್ಯ ಅರ್ಧ ತಿಳಿದುಕೊಂಡು ಬದುಕುವುದೇ ಹೆಚ್ಚು. ನನಗೆ ಗೊತ್ತೇ ಇರಲಿಲ್ಲ ಎಂದು ಪ್ರತಿಯೊಬ್ಬ ವಾದಿಯೂ ಹೇಳಿದರೆ ನಿನ್ನ ನಿಯಮಕ್ಕೆ ತಳವೇ ಇರುವುದಿಲ್ಲ.

— ಆ ಭಯಕ್ಕೆ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟು 1988ರಲ್ಲಿ ಬಹಳ ಕಠಿಣವಾದ ಉತ್ತರ ಕೊಟ್ಟಿದೆ. ಡಿಇಎಸ್ ಎಂಬ ಔಷಧದ ಕಥೆ ಅದು. ಗರ್ಭಪಾತವಾಗದಿರಲಿ ಎಂದು 1940ರ ದಶಕದಿಂದ 1971ರವರೆಗೆ ಗರ್ಭಿಣಿಯರಿಗೆ ಕೊಡುತ್ತಿದ್ದರು. ನುಂಗಿದ್ದು ತಾಯಿ, ಪೆಟ್ಟು ಬಿದ್ದದ್ದು ಹೊಟ್ಟೆಯಲ್ಲಿದ್ದ ಮಗಳಿಗೆ. ಹುಡುಗಿ ಬೆಳೆದು ದೊಡ್ಡವಳಾದ ಮೇಲೆ ಅಪರೂಪದ ಕ್ಯಾನ್ಸರು. ಹಾನಿಯಾದ ದಿನದಿಂದ ಎಣಿಸು ಎಂದಿರಿ. ಇಲ್ಲಿ ಹಾನಿಯಾದ ದಿನ ವಾದಿ ಇನ್ನೂ ಹುಟ್ಟಿರಲಿಲ್ಲ.

— ಅಪ್ರಾಪ್ತರಿಗೆ ಎಲ್ಲ ಕಡೆಯೂ ವಿನಾಯಿತಿ ಇರುತ್ತದೆ. ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಎಣಿಕೆ.

— ಇಪ್ಪತ್ತೈದನೆಯ ವಯಸ್ಸಿನಲ್ಲಿ ಕಾಯಿಲೆ ಬಂದರೆ ಆ ವಿನಾಯಿತಿಯೂ ಕೈಗೆ ಬಾರದು. ಕ್ಯಾಲಿಫೋರ್ನಿಯದ ಆ ಪ್ರಕರಣದ ವಾದಿಗೆ ತಾಯಿ ಔಷಧ ತೆಗೆದುಕೊಂಡದ್ದು 1972ರಲ್ಲೇ ಗೊತ್ತಿತ್ತು. ಯಾವ ಕಂಪನಿಯ ಮಾತ್ರೆ ಎಂದು ಮಾತ್ರ ಪತ್ತೆಯಾಗಲಿಲ್ಲ, ಎಷ್ಟೋ ಕಂಪನಿಗಳು ಅದನ್ನೇ ತಯಾರಿಸುತ್ತಿದ್ದವು. ಯಾರೋ ತಪ್ಪು ಮಾಡಿದ್ದಾರೆ ಎಂಬ ಅನುಮಾನ 1978ರಲ್ಲಿ ಬಂತು. 1980ರಲ್ಲಿ ಅದೇ ಕೋರ್ಟು ಇನ್ನೊಂದು ತೀರ್ಪಿನಲ್ಲಿ ಹೇಳಿತು, ಕಂಪನಿ ಯಾವುದೆಂದು ತೋರಿಸಲಾಗದಿದ್ದರೂ ಮಾರುಕಟ್ಟೆಯ ಪಾಲಿನಂತೆ ಎಲ್ಲ ಕಂಪನಿಗಳಿಂದ ಪರಿಹಾರ ಕೇಳಬಹುದು ಎಂದು. 1981ರಲ್ಲಿ ಆಕೆ ದಾವೆ ಹೂಡಿದರು. ಆಗಿನ ಮಿತಿ ಒಂದು ವರ್ಷ. ಅನುಮಾನ ಬಂದ ದಿನದಿಂದಲೇ ಎಣಿಕೆ, ಎಲ್ಲ ಸಂಗತಿ ತಿಳಿಯಬೇಕೆಂದಿಲ್ಲ, ಕಾನೂನು ಬದಲಾಯಿತೆಂದು ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ ಎಂದು ಕೋರ್ಟು ಹೇಳಿತು. ದಾವೆ ಹೋಯಿತು.

— ಅಂದರೆ 1978ರಲ್ಲಿ ಗೆಲ್ಲಲಾರದ ದಾವೆಯನ್ನು 1979ರೊಳಗೆ ಹೂಡಬೇಕಿತ್ತು ಎಂದಾಯಿತು.

— ಹೌದು. ನ್ಯೂಯಾರ್ಕು ಅದೇ ಔಷಧದ ವಿಷಯದಲ್ಲಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಕೋರ್ಟು 1984ರಲ್ಲಿ, ಎಣಿಕೆಯ ದಿನ ಬದಲಾಯಿಸುವುದು ಶಾಸನಸಭೆಯ ಕೆಲಸ, ನಮ್ಮದಲ್ಲ ಎಂದು ಕೈಚೆಲ್ಲಿತು. 1986ರಲ್ಲಿ ಶಾಸನಸಭೆ ಎದ್ದಿತು. ವಿಷವಸ್ತುಗಳಿಂದಾದ ಕಾಯಿಲೆಗೆ ಇನ್ನು ಮುಂದೆ ತಿಳಿದ ದಿನದಿಂದ ಎಣಿಕೆ ಎಂದಿತು. ಜೊತೆಗೆ ಡಿಇಎಸ್, ಆಸ್ಬೆಸ್ಟಾಸ್ ಸೇರಿ ಐದು ವಸ್ತುಗಳ ವಿಷಯದಲ್ಲಿ ಹಿಂದೆ ಸತ್ತುಹೋಗಿದ್ದ ದಾವೆಗಳಿಗೂ ಒಂದು ವರ್ಷ ಬಾಗಿಲು ತೆರೆಯಿತು. ಒಂದೇ ಮಾತ್ರೆ, ಎರಡು ರಾಜ್ಯ. ಪಶ್ಚಿಮ ಕರಾವಳಿಯ ಮಗಳಿಗೆ ಇಲ್ಲ, ಪೂರ್ವ ಕರಾವಳಿಯ ಮಗಳಿಗೆ ಇದೆ.

— ರಾಜ್ಯ ಬದಲಿಸಿದರೆ ಗಡಿಯಾರ ಬದಲಾಗುತ್ತದೆ ಅಂದಮೇಲೆ ವಕೀಲರು ಸುಮ್ಮನಿರುತ್ತಾರೆಯೇ? ನಾನಾಗಿದ್ದರೆ ಹೆಚ್ಚು ವರ್ಷ ಇರುವ ರಾಜ್ಯದಲ್ಲೇ ಹೂಡುತ್ತಿದ್ದೆ.

— ಹೂಡಿದ್ದಾರೆ. ಪೆನ್ಸಿಲ್ವೇನಿಯದ ಒಬ್ಬ ರೈತ ತನ್ನ ಹೊಲದಲ್ಲಿ ಕಟಾವು ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡ. ಯಂತ್ರ ಜಾನ್ ಡೀರ್ ಕಂಪನಿಯದು, ಇಲ್ಲಿನ ಹೊಲಗಳಲ್ಲೂ ಓಡಾಡುವ ಅದೇ ಹಸಿರು ಬಣ್ಣದ್ದು. ಪೆನ್ಸಿಲ್ವೇನಿಯದ ಎರಡು ವರ್ಷ ಮುಗಿದುಹೋಯಿತು. ಮೂರನೆಯ ವರ್ಷ ಅವನ ವಕೀಲರು ಮಿಸಿಸಿಪ್ಪಿಯ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಅಪಘಾತಕ್ಕೂ ಮಿಸಿಸಿಪ್ಪಿಗೂ ಯಾವ ಸಂಬಂಧವೂ ಇಲ್ಲ. ಕಂಪನಿ ಅಲ್ಲಿ ವ್ಯಾಪಾರ ಮಾಡುತ್ತಿತ್ತು, ಆ ರಾಜ್ಯದಲ್ಲಿ ಆರು ವರ್ಷದ ಅವಧಿ ಇತ್ತು, ಅಷ್ಟೆ. ಆಮೇಲೆ ಅವರೇ, ಸಾಕ್ಷಿಗಳಿಗೆ ಅನುಕೂಲವಾಗಲಿ, ದಾವೆಯನ್ನು ಪೆನ್ಸಿಲ್ವೇನಿಯಕ್ಕೆ ವರ್ಗಾಯಿಸಿ ಎಂದು ಕೇಳಿದರು. 1990ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ ತೀರ್ಪು ಕೊಟ್ಟಿತು, ವರ್ಗವಾದ ದಾವೆಯ ಜೊತೆ ಮಿಸಿಸಿಪ್ಪಿಯ ಆರು ವರ್ಷವೂ ಬರುತ್ತದೆ ಎಂದು.

— ಕೈ ಕಳೆದುಕೊಂಡವನಿಗೆ ದಾರಿ ಸಿಕ್ಕಿತು ಎಂದು ಸಂತೋಷವಾಗುತ್ತದೆ. ಆದರೆ ಕಾನೂನಾಗಿ ಅದು ನನಗೆ ಹಿಡಿಸುವುದಿಲ್ಲ. ಜಾಣ ವಕೀಲ ಸಿಕ್ಕ ರೈತನಿಗೆ ಆರು ವರ್ಷ, ಸಿಗದವನಿಗೆ ಎರಡು.

— ನಾನೂ ಅದನ್ನು ಮೆಚ್ಚುವುದಿಲ್ಲ. ಈಗ ಬಹಳ ರಾಜ್ಯಗಳು ಅದಕ್ಕೆ ತಡೆ ಹಾಕಿವೆ. ಹಾನಿ ಹೊರಗೆ ಆಗಿದ್ದರೆ ಅಲ್ಲಿನ ಅವಧಿಯನ್ನೇ ಇಲ್ಲಿಗೂ ಎರವಲು ತರಬೇಕು ಎಂಬ ಕಾನೂನು ಮಾಡಿಕೊಂಡಿವೆ. ಆದರೆ ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಬಗೆಯ ಮಿತಿ. ಅದರ ಎಣಿಕೆ ವಾದಿಯ ಹಾನಿಯಿಂದಲೂ ಅಲ್ಲ, ತಿಳಿವಳಿಕೆಯಿಂದಲೂ ಅಲ್ಲ, ಪ್ರತಿವಾದಿ ಕೊನೆಯ ಬಾರಿ ಏನೋ ಮಾಡಿದ ದಿನದಿಂದ. ನಾರ್ತ್ ಕ್ಯಾರಲೈನದ ಆಶ್‌ವಿಲ್ ಬಳಿ ಒಂದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಕಾರ್ಖಾನೆ ಇತ್ತು. 1987ರಲ್ಲಿ ಕಂಪನಿ ಜಾಗ ಮಾರಿ ಹೊರಟುಹೋಯಿತು. ಮುಂದೆ ಅಲ್ಲಿ ಜನ ಜಾಗ ಕೊಂಡರು, ಸುತ್ತ ಮನೆಗಳಾದವು, ಬಾವಿಯ ನೀರು ಕುಡಿದರು. 2009ರಲ್ಲಿ ಸರ್ಕಾರ ಬಂದು ಹೇಳಿತು, ನಿಮ್ಮ ಬಾವಿಯಲ್ಲಿ ಕಾರ್ಖಾನೆಯ ರಾಸಾಯನಿಕ ಸೇರಿದೆ ಎಂದು. 2011ರಲ್ಲಿ ದಾವೆ ಹೂಡಿದರು. ಆ ರಾಜ್ಯದ ಗಡಿ ಹತ್ತು ವರ್ಷ, ಕಂಪನಿಯ ಕೊನೆಯ ಕೃತ್ಯದಿಂದ. ಅಂದರೆ 1997ಕ್ಕೇ ಬಾಗಿಲು ಮುಚ್ಚಿತ್ತು. ತಿಳಿದ ದಿನದಿಂದ ಎಣಿಸು ಎನ್ನುವ ಕೇಂದ್ರ ಕಾನೂನು ಒಂದಿತ್ತು. ಅದು ಸಾಮಾನ್ಯ ಕಾಲಮಿತಿಗೆ ಮಾತ್ರ, ಈ ಬಗೆಯ ಅಂತಿಮ ಗಡಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

— 1997ರಲ್ಲಿ ಆ ಜನರಿಗೆ ಹಕ್ಕೇ ಹುಟ್ಟಿರಲಿಲ್ಲವಲ್ಲ.

— ಹುಟ್ಟುವ ಮೊದಲೇ ಸತ್ತಿತ್ತು. ನೀವು ಹೇಳಿದ ಸಾಲಗಾರನ ನೆಮ್ಮದಿಯನ್ನು ನಾನು ಗೌರವಿಸುತ್ತೇನೆ. ಮಣ್ಣಿನಲ್ಲಿ ವಿಷ ಬಿಟ್ಟು ಜಾಗ ಮಾರಿದವರಿಗೂ ಅದೇ ನೆಮ್ಮದಿಯನ್ನು ಕೊಡುವ ಕಾನೂನಿಗೆ ನನ್ನಲ್ಲಿ ಗೌರವವಿಲ್ಲ. ಆ ನೀರು ದಿನವೂ ಸಾಕ್ಷಿ ಹೇಳುತ್ತಿತ್ತು. ಮರೆತುಹೋಗುವ ನೆನಪಿನ ಪ್ರಶ್ನೆ ಅಲ್ಲಿ ಇರಲೇ ಇಲ್ಲ.

— ಆದರೆ ಸಾಕ್ಷಿ ನಿಜವಾಗಿಯೂ ನೆನಪು ಮಾತ್ರವಾಗಿರುವ ಪ್ರಕರಣಗಳೂ ಇವೆಯಲ್ಲ. ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ. ನಲವತ್ತು ವರ್ಷದ ನಂತರ ಬಂದು ಹೇಳುತ್ತಾರೆ. ಅವರನ್ನು ನಂಬಬಾರದು ಎನ್ನುತ್ತಿಲ್ಲ. ಆರೋಪ ಹೊತ್ತವನು ಸತ್ತು, ಅಂದಿನ ಮುಖ್ಯಸ್ಥ ಸತ್ತು, ಸಂಸ್ಥೆಯನ್ನು ಈಗ ನಡೆಸುತ್ತಿರುವವರು ಅಂದು ಹುಟ್ಟಿಯೇ ಇರದಿದ್ದಾಗ ಉತ್ತರ ಕೊಡುವವರು ಯಾರು?

— ನಾನೂ ಮೊದಲು ಅಲ್ಲೇ ನಿಲ್ಲುತ್ತಿದ್ದೆ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯ ಕಡತಗಳ ವಿಷಯ ತಿಳಿದ ಮೇಲೆ ನಿಲ್ಲಲಾಗಲಿಲ್ಲ. ಮಕ್ಕಳ ಮೇಲೆ ಕೈಮಾಡಿದರೆಂಬ ಆರೋಪವಿದ್ದ ಸ್ವಯಂಸೇವಕರ ಬಗ್ಗೆ ಆ ಸಂಸ್ಥೆ ದಶಕಗಳಿಂದ ಗುಪ್ತವಾಗಿ ದಾಖಲೆ ಇಟ್ಟಿತ್ತು. ಆರೆಗನ್ ರಾಜ್ಯದ ಒಂದು ದಾವೆಯಿಂದಾಗಿ 1965ರಿಂದ 1985ರವರೆಗಿನ ಸಾವಿರಕ್ಕೂ ಹೆಚ್ಚು ಕಡತಗಳು 2012ರಲ್ಲಿ ಹೊರಬಂದವು. ಸಾಕ್ಷ್ಯ ಮಾಸಿರಲಿಲ್ಲ. ಬೀರುವಿನಲ್ಲಿ, ಅನುಕ್ರಮವಾಗಿ, ಪ್ರತಿವಾದಿಯ ಬಳಿಯೇ ಇತ್ತು. ಮಾಸಿದ್ದು ಮಗುವಿನ ಅವಧಿ ಮಾತ್ರ. ಏನಾಯಿತೆಂದು ಹೇಳಲು ಆ ಮಗುವಿಗೆ ಮಾತು ಬರುವುದೇ ಎಷ್ಟೋ ಬಾರಿ ತನಗೇ ಮಕ್ಕಳಾದ ಮೇಲೆ. ನ್ಯೂಯಾರ್ಕಿನಲ್ಲಿ ಇಂಥವರಿಗೆ ಸಾಮಾನ್ಯವಾಗಿ 23ನೆಯ ವಯಸ್ಸಿನವರೆಗೆ ಮಾತ್ರ ಅವಕಾಶವಿತ್ತು. 2019ರಲ್ಲಿ ಅದನ್ನು 55ಕ್ಕೆ ಏರಿಸಿದರು. ಜೊತೆಗೆ ಅವಧಿ ಮುಗಿದವರಿಗೂ ಬಾಗಿಲು ತೆರೆದರು. 2019ರ ಆಗಸ್ಟ್ 14ರಿಂದ ಒಂದು ವರ್ಷಕ್ಕೆಂದು ತೆರೆದದ್ದನ್ನು ಕೋವಿಡ್‌ನಿಂದಾಗಿ ಎರಡು ವರ್ಷಕ್ಕೆ ವಿಸ್ತರಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ದಾವೆಗಳು ಬಂದವು.

— ಸತ್ತ ದಾವೆಗೆ ಜೀವ ಕೊಡುವುದನ್ನು ಸಂವಿಧಾನ ಒಪ್ಪುತ್ತದೆಯೇ?

— ಕ್ರಿಮಿನಲ್ ಪ್ರಕರಣದಲ್ಲಿ ಒಪ್ಪುವುದಿಲ್ಲ. ಮುಗಿದ ಅವಧಿಯನ್ನು ಮತ್ತೆ ತೆರೆದು ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂದು 2003ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಸಿವಿಲ್ ದಾವೆಯಲ್ಲಿ ಕೇಂದ್ರದ ಸಂವಿಧಾನ ಅಡ್ಡ ಬರುವುದಿಲ್ಲ, ಆದರೆ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. ಯೂಟಾ ರಾಜ್ಯದ ಸುಪ್ರೀಂ ಕೋರ್ಟು 2020ರಲ್ಲಿ, ಅವಧಿ ಮುಗಿದಾಗ ಪ್ರತಿವಾದಿಗೆ ಒಂದು ಹಕ್ಕು ಬಂದಿರುತ್ತದೆ, ಅದನ್ನು ಶಾಸನಸಭೆ ಕಸಿಯುವಂತಿಲ್ಲ ಎಂದಿತು. ಮೇರಿಲ್ಯಾಂಡಿನ ಕೋರ್ಟು 2025ರ ಫೆಬ್ರುವರಿಯಲ್ಲಿ ನಾಲ್ಕಕ್ಕೆ ಮೂರರಂತೆ, ಕಸಿಯಬಹುದು ಎಂದಿತು.

— ಈ ಜಗಳ ನನಗೆ ಹೊಸದಲ್ಲ. ನಮ್ಮ ರಾಜ್ಯದ್ದೇ ಪಿಟಿಸಿಎಲ್ ಕಾಯ್ದೆ ಇದೆಯಲ್ಲ, 1978ರದ್ದು. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ ಆ ಮಾರಾಟವೇ ಅಸಿಂಧು, ಜಮೀನು ವಾಪಸು. ಕಾಯ್ದೆ ಬರುವ ಮೊದಲು ಆದ ಮಾರಾಟಕ್ಕೂ ಅನ್ವಯ. 1984ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲು ಕಾಯ್ದೆಯಲ್ಲಿ ಕಾಲಮಿತಿಯೇ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, ಮಿತಿ ಬರೆದಿಲ್ಲದಿದ್ದರೂ ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ಆ ಒಂದು ಮಾತಿನಿಂದ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ನಮ್ಮ ಶಾಸನಸಭೆ ತಿದ್ದುಪಡಿ ತಂದು, ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದು ಬರೆಯಿತು. ಅದಾದ ಮೇಲೂ ನಮ್ಮ ಹೈಕೋರ್ಟು 2024ರಲ್ಲಿ, ಕಾಲಮಿತಿ ಇಲ್ಲ ಎಂದ ಮಾತ್ರಕ್ಕೆ ಅತಿಯಾದ ವಿಳಂಬದ ಪ್ರಶ್ನೆ ಅಳಿಸಿಹೋಗುವುದಿಲ್ಲ ಎಂದು ಹೇಳಿತು.

— ನೀವು ಯಾವ ಕಡೆ?

— ನಿನ್ನ ಅಳತೆಗೋಲಿನಿಂದ ಹೇಳಬೇಕಾದರೆ ಕಷ್ಟ. ಜಮೀನು ಮಾರಿದವನಿಗೆ ಮಾರಿದ್ದು ಗೊತ್ತಿತ್ತು. ಹೆಬ್ಬೆಟ್ಟು ಅವನದೇ. ಹೊಟ್ಟೆಯಲ್ಲಿ ಉಳಿದ ಚಿಮಟದ ಹಾಗೆ ಕಾಣದ ಸಂಗತಿ ಅಲ್ಲ. ಆದರೆ ಆ ಮಾರಾಟ ನಡೆಯುವಂಥದ್ದಲ್ಲ, ಕಾನೂನು ತನ್ನ ಕಡೆ ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮಂಜೂರಾತಿ ಪತ್ರದ ಷರತ್ತನ್ನು ಓದಿದವರು ಶಾನುಭೋಗರು ಮತ್ತು ಕೊಂಡವರು. ಅಪ್ಪ ಇಟ್ಟ ಹೆಬ್ಬೆಟ್ಟಿನ ಅರ್ಥ ಶಾಲೆಗೆ ಹೋದ ಮೊಮ್ಮಗಳಿಗೆ ತಿಳಿಯುವ ಹೊತ್ತಿಗೆ ಮೂವತ್ತು ವರ್ಷ. ಅತ್ತ ಮೂರನೆಯ ಕೈಯಿಂದ ಕೊಂಡವನು ಸಾಲ ಮಾಡಿ ತೋಟ ಕಟ್ಟಿರುತ್ತಾನೆ. ಅವನಿಗೆ ಷರತ್ತಿನ ಗಂಧವೂ ಇರುವುದಿಲ್ಲ.

— ಸಂಗತಿ ತಿಳಿಯುವುದು ಬೇರೆ, ಹಕ್ಕು ತಿಳಿಯುವುದು ಬೇರೆ. ಅಮೆರಿಕದ ಕೋರ್ಟುಗಳು ಸಂಗತಿ ತಿಳಿದ ದಿನದಿಂದಲೇ ಎಣಿಸುತ್ತವೆ. ಹಕ್ಕು ತಿಳಿಯಲಿಲ್ಲ ಎಂದರೆ ಕೇಳುವುದಿಲ್ಲ.

— ನಾವೂ ಕೇಳುವುದಿಲ್ಲ. ಸಾಮಾನ್ಯ ದಾವೆಯಲ್ಲಿ ಅದೇ ಸರಿ. ಓದು ಬರಹ ತಲೆಮಾರುಗಳ ಕಾಲ ಒಂದು ಜನಸಮುದಾಯಕ್ಕೆ ನಿರಾಕರಿಸಲ್ಪಟ್ಟಿರುವಾಗ, ನಿನಗೆ ಗೊತ್ತಿರಬೇಕಿತ್ತು ಎಂದು ಅದೇ ಜನರಿಗೆ ಹೇಳುವುದು ನನ್ನಿಂದಾಗದು. ಆ ಕಾಯ್ದೆಗೆ ಸಾಮಾನ್ಯ ಗಡಿಯಾರ ಒಗ್ಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ತಿಳಿಯದೆ ಕೊಂಡ ಆ ಮೂರನೆಯವನಿಗೆ ಸರ್ಕಾರ ಪರಿಹಾರ ಕೊಡಬೇಕು. ಅವನ ತಲೆಯ ಮೇಲೆ ಇತಿಹಾಸದ ಸಾಲವನ್ನೆಲ್ಲ ಹೊರಿಸುವುದೂ ಅನ್ಯಾಯ. ಇರಲಿ, ಮೇರಿಲ್ಯಾಂಡಿನ ಕಥೆ ಅರ್ಧಕ್ಕೆ ನಿಂತಿತು. ಕೋರ್ಟು ಒಪ್ಪಿದ ಮೇಲೆ ಏನಾಯಿತು?

— 2023ರ ಅಕ್ಟೋಬರ್ 1ರಿಂದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸಿವಿಲ್ ದಾವೆಗೆ ಅಲ್ಲಿ ಕಾಲಮಿತಿಯೇ ಇಲ್ಲ. ಚರ್ಚುಗಳ ಮೇಲೆ ದಾವೆಗಳು ಬರುತ್ತವೆ ಎಂದು ಎಲ್ಲರೂ ಅಂದುಕೊಂಡಿದ್ದರು. ಸಾವಿರಗಟ್ಟಲೆ ಜನ ಬಂದದ್ದು ರಾಜ್ಯ ಸರ್ಕಾರವೇ ನಡೆಸುತ್ತಿದ್ದ ಬಾಲಾಪರಾಧಿಗಳ ಬಂಧನಗೃಹಗಳಲ್ಲಿ ಬೆಳೆದವರು. ಬೊಕ್ಕಸಕ್ಕೆ ನಡುಕ ಹುಟ್ಟಿತು. 2025ರಲ್ಲಿ ಶಾಸನಸಭೆ ಕಾಲಮಿತಿಯನ್ನು ಮುಟ್ಟಲಿಲ್ಲ, ಪರಿಹಾರದ ಗರಿಷ್ಠ ಮೊತ್ತವನ್ನು ಇಳಿಸಿತು. ಖಾಸಗಿ ಸಂಸ್ಥೆಗಳ ಮೇಲಿನ ದಾವೆಯಲ್ಲಿ ಹದಿನೈದು ಲಕ್ಷ ಡಾಲರ್ ಇದ್ದದ್ದು ಏಳು ಲಕ್ಷಕ್ಕೆ, ಸರ್ಕಾರಿ ಸಂಸ್ಥೆಗಳ ಮೇಲಿನದು ಎಂಟು ಲಕ್ಷ ತೊಂಬತ್ತು ಸಾವಿರದಿಂದ ನಾಲ್ಕು ಲಕ್ಷಕ್ಕೆ. 2025ರ ಜೂನ್ 1ರಿಂದ ಹೂಡುವ ದಾವೆಗಳಿಗೆ.

— ಜೂನ್ 1ರಿಂದ ಅಂದರೆ, ಮೇ 31ರೊಳಗೆ ಬಂದವರಿಗೆ ಹಳೆಯ ಮೊತ್ತ?

— ಹಳೆಯ ಮೊತ್ತ. ಆ ಕೊನೆಯ ದಿನಗಳಲ್ಲಿ ವಕೀಲರ ಕಚೇರಿಗಳು ಹಗಲೂ ರಾತ್ರಿ ಕಾಗದ ಸಲ್ಲಿಸಿದವು.

— ಒಂದೇ ಬಂಧನಗೃಹ, ಒಂದೇ ಕಾವಲುಗಾರ, ಇಬ್ಬರು ಹುಡುಗರು. ಒಬ್ಬ ಮೇ 30ಕ್ಕೆ ಬಾಯಿಬಿಟ್ಟ, ಇನ್ನೊಬ್ಬ ಜೂನ್ 2ಕ್ಕೆ. ಎರಡನೆಯವನ ವಕೀಲಳಾಗಿ ನೀನು ಅವನಿಗೆ ಏನು ಹೇಳುತ್ತೀಯ?

— ಈಗ ಸಿಗುವ ಮೊತ್ತವನ್ನು ಮೊದಲು ಹೇಳುತ್ತೇನೆ, ದಾವೆ ಹೂಡುತ್ತೇನೆ. ಅದೇ ದಾವೆಯಲ್ಲಿ ಆ ದಿನಾಂಕವನ್ನೂ ಪ್ರಶ್ನಿಸುತ್ತೇನೆ.